ಹವಳದ ಗೋಡೆ, ಸುಣ್ಣದ ಗಾರೆ

ಝಾಂಜಿಬಾರಿನ ಸ್ಟೋನ್ ಟೌನಿನಲ್ಲಿ ಬೆಳಗಿನ ಬಿಸಿಲು ನೆಲಕ್ಕಿಳಿಯುವುದು ತಡ. ಎರಡೂ ಬದಿಗೆ ಎರಡು ಮೂರು ಮಹಡಿಯ ಮನೆಗಳು. ನಡುವೆ ಕಿರಿದಾದ ಓಣಿ. ಎದುರಿನಿಂದ ತಳ್ಳುಗಾಡಿ ಬಂದರೆ ಯಾರದಾದರೂ ಮನೆಯ ಮೆಟ್ಟಿಲು ಹತ್ತಿ ನಿಲ್ಲಬೇಕು. ಬಿಸಿಲು ಮೊದಲು ಮಾಡಿನ ತಗಡಿನ ಮೇಲೆ ಬೀಳುತ್ತದೆ, ಆಮೇಲೆ ಬಾಲ್ಕನಿಯ ಮರದ ಕೆತ್ತನೆಗೆ ಇಳಿಯುತ್ತದೆ, ಅಲ್ಲಿಂದ ಒಣಹಾಕಿದ ಬಟ್ಟೆಗಳ ಮೇಲೆ. ಅಷ್ಟರಲ್ಲಿ ಕೆಳಗೆ ಊರು ಎದ್ದು ಅರ್ಧ ದಿನದ ಕೆಲಸ ಮುಗಿಸಿರುತ್ತದೆ. ತಲೆಗೆ ಬಿಳಿ ವಸ್ತ್ರ ಹೊದ್ದ ಶಾಲೆಯ ಹುಡುಗಿಯರು ಸಾಲಾಗಿ ಹೋಗುತ್ತಾರೆ. ಹಳೆಯ ವೆಸ್ಪಾ ಸ್ಕೂಟರೊಂದು ಮೂಲೆ ತಿರುಗುವ ಮೊದಲೇ ಹಾರ್ನ್ ಮಾಡುತ್ತದೆ. ಯಾವುದೋ ಮನೆಯ ಬಾಗಿಲಲ್ಲಿ ಬಾಣಲೆ ಇಟ್ಟು ಮಂದಾಜಿ ಕರಿಯುತ್ತಿರುವ ಎಣ್ಣೆಯ ವಾಸನೆಯಲ್ಲಿ ಏಲಕ್ಕಿಯೂ ಬೆರೆತಿರುತ್ತದೆ.

ಗಿಲಾವು ಉದುರಿದ ಕಡೆ ನಿಂತು ಗೋಡೆಯ ಒಳಗನ್ನು ನೋಡಬೇಕು. ಅದು ಇಟ್ಟಿಗೆಯಲ್ಲ, ನಮ್ಮ ಕರಾವಳಿಯ ಮುರಕಲ್ಲೂ ಅಲ್ಲ, ಹವಳದ ಕಲ್ಲು. ಲಕ್ಷ ವರ್ಷಕ್ಕೂ ಹಿಂದೆ ಸಮುದ್ರದಡಿಯಲ್ಲಿ ಬೆಳೆದ ಹವಳದ ದಿಬ್ಬ ಕಲ್ಲಾಗಿ, ನೀರಿನ ಮೇಲೆದ್ದು ಈ ದ್ವೀಪದ ನೆಲದ ದೊಡ್ಡ ಪಾಲಾಗಿದೆ. ಅದನ್ನೇ ಅಗೆದು, ಒರಟು ತುಂಡುಗಳನ್ನಾಗಿ ಒಡೆದು, ಸುಣ್ಣ ಮತ್ತು ಕೆಮ್ಮಣ್ಣಿನ ಗಾರೆಯಲ್ಲಿ ಕೂರಿಸಿ ಒಂದೂವರೆ ಎರಡು ಅಡಿ ದಪ್ಪದ ಗೋಡೆ ಎಬ್ಬಿಸಿದ್ದಾರೆ. ಕಲ್ಲಿನ ಮೇಲೆ ಬೆರಳಾಡಿಸಿದರೆ ಹವಳದ ಹುಳುಗಳು ಒಂದು ಕಾಲಕ್ಕೆ ವಾಸವಿದ್ದ ಸಣ್ಣ ಸಣ್ಣ ಗೂಡುಗಳು ತಾಕುತ್ತವೆ. ಕೆಲವು ತುಂಡುಗಳಲ್ಲಿ ಇಡೀ ಚಿಪ್ಪೇ ಹುದುಗಿದೆ. ಆ ಕಲ್ಲುಗಳನ್ನು ಹಿಡಿದಿಟ್ಟ ಗಾರೆಯೂ ಹವಳವನ್ನೇ ಸುಟ್ಟು ಮಾಡಿದ್ದು. ಮನೆಯ ಒಳಗಿನ ತಂಪಿಗೂ, ಮನೆಯ ಕಾಯಿಲೆಗೂ ಕಾರಣ ಈ ಗೋಡೆಯ ಗುಣವೇ.

ಝಾಂಜಿಬಾರ್ ಎಂದು ನಾವು ಕರೆಯುವ ದ್ವೀಪಕ್ಕೆ ಅಲ್ಲಿಯವರು ಉಂಗುಜಾ ಎನ್ನುತ್ತಾರೆ. ಟಾಂಜಾನಿಯಾದ ಕರಾವಳಿಯಿಂದ ಆಚೆ, ಸಮಭಾಜಕ ವೃತ್ತಕ್ಕೆ ಸ್ವಲ್ಪ ದಕ್ಷಿಣಕ್ಕಿದೆ. ಒಮಾನಿನ ಸುಲ್ತಾನ ಸಯ್ಯಿದ್ ಸಯೀದ್ 1840ರ ಸುಮಾರಿಗೆ ತನ್ನ ಗದ್ದುಗೆಯನ್ನು ಮಸ್ಕತ್ತಿನಿಂದ ಇಲ್ಲಿಗೇ ತಂದ. ಲವಂಗದ ತೋಟಗಳು, ದಂತದ ವ್ಯಾಪಾರ, ಗುಲಾಮರ ವ್ಯಾಪಾರ ಮೂರೂ ಸೇರಿ ಹಣದ ಹೊಳೆ ಹರಿಯಿತು. ಆ ಹಣದಲ್ಲಿ ಹತ್ತೊಂಬತ್ತನೆಯ ಶತಮಾನದುದ್ದಕ್ಕೂ ಈ ಕಲ್ಲಿನ ಊರು ಎದ್ದಿತು. ಅರಬ್ಬರು ದಪ್ಪ ಗೋಡೆಯ, ಒಳ ಅಂಗಳದ ಮನೆ ಕಟ್ಟಿದರು. ಕಛ್, ಗುಜರಾತಿನ ವರ್ತಕರು ಕೆಳಗೆ ಅಂಗಡಿ, ಮೇಲೆ ಮನೆ ಇಟ್ಟು ಬೀದಿಗೆ ಮುಖ ಮಾಡಿದರು. 2000ದಲ್ಲಿ ಯುನೆಸ್ಕೋ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಪಟ್ಟಿಗೆ ಸೇರಿದ್ದರಿಂದ ಊರಿಗೆ ಹೆಸರು ಬಂತು, ಪ್ರವಾಸಿಗಳು ಬಂದರು. ಮಳೆ ನೀರು ಮಾತ್ರ ಮೊದಲಿನಂತೆಯೇ ಗೋಡೆಗಿಳಿಯುತ್ತಿದೆ.

ನಾನು ಕುಂದಾಪುರದ ಕಡೆಯವಳು. ಹೊಳೆಯ ಅಳಿವೆಯ ಚಿಪ್ಪು ಸುಟ್ಟು ಮಾಡಿದ ಸುಣ್ಣದಲ್ಲಿ ಕಟ್ಟಿದ ಮನೆಗಳನ್ನು ನೋಡಿ ಬೆಳೆದವಳು. ಹಳೆಯ ಕಟ್ಟಡಗಳ ದುರಸ್ತಿಗೆ ಹೊರದೇಶದ ಸ್ವಯಂಸೇವಕರನ್ನು ಕರೆಸುವ ಒಂದು ತಂಡದ ಜೊತೆ ಅಲ್ಲಿಗೆ ಹೋದೆ. ಪ್ರವಾಸಿ ವೀಸಾ ಇಟ್ಟುಕೊಂಡು ಇಂಥ ಕೆಲಸ ಮಾಡುವಂತಿಲ್ಲ, ಸಂಬಳವಿಲ್ಲದ ಸೇವೆಗೂ ಪರ್ಮಿಟ್ ಬೇಕು. ಅದಾದ ಮೇಲೆ ಕೇಳುವ ಅರ್ಹತೆ ಕಡಿಮೆಯೇ: ಬಾಂಡ್ಲಿ ಹೊರುವ ತೋಳು, ಮೇಸ್ತ್ರಿಯ ಮಾತು ಕೇಳುವ ಕಿವಿ, ಮೊಣಕಾಲು ಭುಜ ಮುಚ್ಚುವ ಬಟ್ಟೆ. ತಂಡದಲ್ಲಿ ಲಿಸ್ಬನ್ನಿನ ವಾಸ್ತುಶಿಲ್ಪ ವಿದ್ಯಾರ್ಥಿನಿಯೊಬ್ಬಳಿದ್ದಳು, ಕೆನಡಾದ ನಿವೃತ್ತ ಬಡಗಿಯಿದ್ದರು, ನೈರೋಬಿಯಲ್ಲಿ ಇತಿಹಾಸ ಕಲಿಸುವ ಮೇಡಂ ಇದ್ದರು. ನಮ್ಮೆಲ್ಲರ ಮೇಲೆ ಒಬ್ಬ ಫುಂಡಿ. ಕೈಕೆಲಸ ಬಲ್ಲ ಯಾರನ್ನಾದರೂ ಸ್ವಾಹಿಲಿಯಲ್ಲಿ ಫುಂಡಿ ಎನ್ನುತ್ತಾರೆ. ನಮ್ಮ ಫುಂಡಿ ಗಾರೆಯವರು. ಎಪ್ಪತ್ತರ ಹತ್ತಿರದ ವಯಸ್ಸು, ತಲೆಗೆ ಕಸೂತಿಯ ಕೋಫಿಯಾ ಟೋಪಿ, ಕಾಲಿಗೆ ಟಯರಿನ ಚಪ್ಪಲಿ. ಬೆಳಗ್ಗೆ ಎದುರಾದಾಗ ಕಿರಿಯರು ಶಿಕಮೂ ಎಂದು ವಂದಿಸಬೇಕು, ಅವರು ಮರಹಬಾ ಎಂದು ಒಪ್ಪಿಸಿಕೊಳ್ಳುತ್ತಾರೆ. ಆ ವಂದನೆ ಆಗದೆ ಕೆಲಸದ ಮಾತಿಲ್ಲ. ನಾವು ಅವರನ್ನು ಮ್‌ಜೇ, ಅಂದರೆ ಹಿರಿಯರು ಎಂದು ಕರೆಯುತ್ತಿದ್ದೆವು. ಅವರು ನನ್ನನ್ನು ಬಿಂತಿ, ಮಗಳೇ, ಎನ್ನುತ್ತಿದ್ದರು.

ಅವರು ನಮ್ಮನ್ನು ಮೊದಲು ಕರೆದುಕೊಂಡು ಹೋದದ್ದು ಊರಿನ ಹೊರಗಿನ ಸುಣ್ಣದ ಭಟ್ಟಿಗೆ. ಭಟ್ಟಿ ಎಂದರೆ ಕಟ್ಟಿದ ಗೂಡೇನೂ ಅಲ್ಲ. ಬಯಲಿನಲ್ಲಿ ತೆಂಗಿನ ಬೊಡ್ಡೆ, ಕಟ್ಟಿಗೆಗಳನ್ನು ದುಂಡಗೆ ಒಟ್ಟಿ, ಅದರ ಮೇಲೆ ಹವಳದ ಕಲ್ಲಿನ ಚೂರುಗಳನ್ನು ಗೋಪುರವಾಗಿ ಪೇರಿಸಿ, ನಡುವಿನ ತೂತಿನಿಂದ ಬೆಂಕಿ ಕೊಡುತ್ತಾರೆ. ಗಾಳಿ ಯಾವ ಕಡೆಯಿಂದ ಬೀಸುತ್ತಿದೆ, ಕಟ್ಟಿಗೆ ಎಷ್ಟು ಒಣಗಿದೆ, ಯಾವ ಗಾತ್ರದ ಕಲ್ಲು ಎಲ್ಲಿ ಕೂರಬೇಕು, ಎಲ್ಲವೂ ಲೆಕ್ಕವೇ. ಸುಮಾರು 900 ಡಿಗ್ರಿ ಕಾವು ಏರಿದರೆ ಕಲ್ಲಿನೊಳಗಿನ ಇಂಗಾಲದ ಡೈಆಕ್ಸೈಡ್ ಹಾರಿಹೋಗಿ ಸುಟ್ಟ ಸುಣ್ಣ ಉಳಿಯುತ್ತದೆ. ಒಳಗಿನವರೆಗೆ ಬೆಂದ ಕಲ್ಲಿನ ತೂಕ ಅರ್ಧದ ಹತ್ತಿರಕ್ಕೆ ಇಳಿದಿರುತ್ತದೆ. ಮ್‌ಜೇ ಒಂದು ತುಂಡನ್ನು ಅಂಗೈಯಲ್ಲಿಟ್ಟು ಮೇಲೆ ಕೆಳಗೆ ಆಡಿಸಿ, ಇನ್ನೊಂದರ ಜೊತೆ ತಟ್ಟಿ ಶಬ್ದ ಕೇಳಿ, ಬೆಂದದ್ದು ಒಂದು ಕಡೆಗೆ, ಬೇಯದ್ದು ಇನ್ನೊಂದು ಕಡೆಗೆ ಎಸೆಯುತ್ತಿದ್ದರು. ನಾವು ತಕ್ಕಡಿಯಲ್ಲಿ ತೂಗಿ ಪರೀಕ್ಷಿಸಿದೆವು. ಅವರ ಕೈ ಹೇಳಿದ್ದನ್ನೇ ತಕ್ಕಡಿಯೂ ಹೇಳಿತು.

ಸುಟ್ಟ ಸುಣ್ಣ ಗುಂಡಿಗೆ ಬಿದ್ದು ನೀರು ಸೋಕಿದ ಕೂಡಲೇ ಹುರುಪೇ ಬೇರೆ. ಮೊದಲು ಸುಮ್ಮನಿದ್ದು, ಸ್ವಲ್ಪ ಹೊತ್ತಿಗೆ ಬುಸುಗುಟ್ಟಿ, ಕಲ್ಲುಗಳು ತಾವಾಗಿಯೇ ಬಿರಿದು, ನೀರು ಕೊತಕೊತ ಕುದಿಯತೊಡಗುತ್ತದೆ. ಹಬೆಯಲ್ಲಿ ಎದುರಿಗಿದ್ದವರ ಮುಖ ಕಾಣುವುದಿಲ್ಲ. ಕಣ್ಣಿಗೆ ಹಾರಿದರೆ ದೃಷ್ಟಿಯೇ ಹೋಗಬಹುದು. ಕನ್ನಡಕ, ಕೈಗವಸು ಇಲ್ಲದವರನ್ನು ಗುಂಡಿಯ ಹತ್ತಿರ ಬಿಡುತ್ತಿರಲಿಲ್ಲ. ಉದ್ದ ಕೋಲಿನ ಸಲಿಕೆಯಲ್ಲಿ ಕಲಕುತ್ತ ಹೋದರೆ ಕಲ್ಲು ಕರಗಿ ಹಾಲಾಗುತ್ತದೆ, ಹಾಲು ಗಟ್ಟಿಯಾಗಿ ಕೆನೆಯಾಗುತ್ತದೆ. ಅದನ್ನು ಜರಡಿ ಹಿಡಿದು ಇನ್ನೊಂದು ಗುಂಡಿಗೆ ಇಳಿಸಿ, ಮೇಲೆ ನೀರು ನಿಲ್ಲಿಸಿ ಮುಚ್ಚಿಡಬೇಕು. ತಿಂಗಳುಗಟ್ಟಲೆ ಇಟ್ಟಷ್ಟೂ ಸುಣ್ಣ ನುಣುಪು. ಅರಳದೆ ಉಳಿದ ಸಣ್ಣ ಹರಳೊಂದು ಗೋಡೆ ಸೇರಿದರೆ ಅಲ್ಲಿ ಹೋಗಿ ಅರಳುತ್ತದೆ, ಗಿಲಾವನ್ನು ಚಿಮ್ಮಿಸಿ ಗುಳಿ ಮಾಡುತ್ತದೆ. ನಾವು ಗೋಡೆಗೆ ಬಳಸಿದ್ದು ಹಿಂದಿನ ತಂಡದವರು ಅರಳಿಸಿ ಇಟ್ಟು ಹೋದ ಸುಣ್ಣ. ಕರಣೆಯಲ್ಲಿ ಎತ್ತಿದರೆ ಹೊಳೆಯುತ್ತ ನಿಲ್ಲುತ್ತಿತ್ತು, ಅಂಟುತ್ತಿರಲಿಲ್ಲ.

ನಮಗೆ ವಹಿಸಿದ್ದ ಮನೆ ದರಾಜನಿ ಮಾರುಕಟ್ಟೆಯಿಂದ ಒಳಕ್ಕೆ ಹೋದ ಓಣಿಯಲ್ಲಿ. ಬೀದಿಯಿಂದ ನೋಡಿದರೆ ಕೆಳ ಮಹಡಿಯ ಗೋಡೆ ಬಿಳಿ ಬಣ್ಣ ಹೊಡೆದು ಅಚ್ಚುಕಟ್ಟಾಗಿತ್ತು. ಆ ಅಚ್ಚುಕಟ್ಟೇ ರೋಗ. ಯಾವಾಗಲೋ ಒಳ್ಳೆಯ ಮನಸ್ಸಿನಿಂದ ಯಾರೋ ಹಳೆಯ ಗಾರೆ ಕೆರೆದು ಸಿಮೆಂಟ್ ಗಿಲಾವು ಹೊದಿಸಿದ್ದರು. ಹವಳದ ಕಲ್ಲು ನೆಲದ ತೇವವನ್ನು ಹೀರಿಕೊಳ್ಳುತ್ತದೆ. ಸಮುದ್ರದ ಊರಾದ್ದರಿಂದ ಆ ತೇವದಲ್ಲಿ ಉಪ್ಪಿದೆ. ಸುಣ್ಣದ ಗಾರೆಯಿದ್ದರೆ ತೇವ ಅದರ ಮೂಲಕ ಹೊರಬಂದು ಗಾಳಿಗೆ ಆರುತ್ತದೆ, ಉಪ್ಪು ಮೇಲ್ಮೈಗೆ ಬಂದು ಗಾರೆಯನ್ನು ಸವೆಸುತ್ತದೆ. ಸವೆದ ಗಾರೆಯನ್ನು ಕೆಲವು ವರ್ಷಕ್ಕೊಮ್ಮೆ ಬದಲಿಸಿದರಾಯಿತು, ಕಲ್ಲು ಉಳಿಯುತ್ತದೆ. ಸಿಮೆಂಟ್ ಆ ದಾರಿಯನ್ನು ಮುಚ್ಚುತ್ತದೆ. ತೇವ ಗೋಡೆಯೊಳಗೇ ಮೇಲಕ್ಕೇರುತ್ತದೆ, ಉಪ್ಪು ಕಲ್ಲಿನೊಳಗೇ ಹರಳುಗಟ್ಟಿ ಕಲ್ಲನ್ನು ಪುಡಿ ಮಾಡುತ್ತದೆ. ಹೊರಗಿನ ಚಿಪ್ಪು ಗಟ್ಟಿ, ಒಳಗೆ ಹುಡಿ.

ಸಾರುವೆ ಹತ್ತಿ ಉಳಿ, ಸುತ್ತಿಗೆ ಹಿಡಿದು ಸಿಮೆಂಟ್ ಒಡೆಯುವುದು ನಮ್ಮ ಪಾಲಿನ ಕೆಲಸ. ಜೋರಾಗಿ ಹೊಡೆದರೆ ಸಿಮೆಂಟಿನ ಜೊತೆ ಕಲ್ಲೂ ಬರುತ್ತದೆ, ಮೆಲ್ಲಗೆ ಹೊಡೆದರೆ ಏನೂ ಬರುವುದಿಲ್ಲ. ಉಳಿಯನ್ನು ಗೋಡೆಗೆ ಓರೆಯಾಗಿ ಹಿಡಿದು, ಬಿರುಕಿನ ಅಂಚು ಹುಡುಕಿ, ಅಲ್ಲಿಂದ ಎಬ್ಬಿಸುತ್ತ ಹೋಗಬೇಕು. ಒಂದು ಹಲಗೆಯಷ್ಟು ಗಿಲಾವು ಕಳಚಿ ಬಿದ್ದಾಗ ಅದರ ಹಿಂಬದಿ ತೊಯ್ದು ಕಪ್ಪಾಗಿತ್ತು, ಗೋಡೆಯ ಮೇಲೆ ಹತ್ತಿಯಂಥ ಬಿಳಿ ಉಪ್ಪು ಎದ್ದಿತ್ತು, ಬೆರಳಿನಲ್ಲಿ ಒತ್ತಿದರೆ ಗಾರೆ ಮರಳಾಗಿ ಸುರಿಯುತ್ತಿತ್ತು. ಮ್‌ಜೇ ಬಂದು ನೋಡಿದರು. ಗೋಡೆಗೆ ಅಂಗೈ ಒತ್ತಿಟ್ಟು, "ಇವತ್ತಿಗೆ ಇಷ್ಟು ಸಾಕು. ಇನ್ನು ಸ್ವಲ್ಪ ದಿನ ಇದು ಉಸಿರಾಡಲಿ" ಎಂದರು. ಆಮೇಲೆ ಒಣ ಬ್ರಷ್ಷಿನಲ್ಲಿ ಉಪ್ಪು ಗುಡಿಸಿ ತೆಗೆಯುವುದು, ಅದು ಮತ್ತೆ ಹೊಮ್ಮುವುದು, ಮತ್ತೆ ಗುಡಿಸುವುದು. ಗುಡಿಸಿದ ಉಪ್ಪನ್ನು ಕೆಳಗೆ ಬೀಳಲು ಬಿಡದೆ ಬಾಂಡ್ಲಿಯಲ್ಲಿ ಹಿಡಿದು ಹೊರಗೆ ಹಾಕಬೇಕು, ಇಲ್ಲದಿದ್ದರೆ ಅದೇ ಉಪ್ಪು ನೆಲದಿಂದ ಮತ್ತೆ ಗೋಡೆ ಹತ್ತುತ್ತದೆ.

ಗೋಡೆ ಸಾಕಷ್ಟು ಆರಿದ ಮೇಲೆ ಹೊಸ ಗಾರೆ. ಕೆನೆಸುಣ್ಣ ಒಂದು ಪಾಲು, ತೊಳೆದ ಮರಳು ಮೂರು ಪಾಲು, ಒಳಗೋಡೆಯಾದರೆ ಸ್ವಲ್ಪ ಕೆಮ್ಮಣ್ಣು. ನೀರು ಹೆಚ್ಚು ಹಾಕದೆ ತುಳಿದು ತುಳಿದೇ ಹದಕ್ಕೆ ತರಬೇಕು. ಗೋಡೆಯನ್ನು ನೀರಿನಿಂದ ನೆನೆಸಿ, ಗಾರೆಯನ್ನು ಕರಣೆಯಿಂದ ಬೀಸಿ ಹೊಡೆಯುತ್ತಾರೆ. ಮೆತ್ತುವುದಲ್ಲ, ಬೀಸಿ ಹೊಡೆಯುವುದು. ಆಗಲೇ ಅದು ಕಲ್ಲಿನ ಸಂದುಗಳೊಳಕ್ಕೆ ಹೋಗಿ ಹಿಡಿಯುವುದು. ದೊಡ್ಡ ಸಂದಿಗೆ ಗಾರೆಯ ಜೊತೆ ಹವಳದ ಚಕ್ಕೆಗಳನ್ನು ಸುತ್ತಿಗೆಯ ಹಿಡಿಯಿಂದ ಒತ್ತಿ ಕೂರಿಸಬೇಕು. ಎಲ್ಲ ಮುಗಿದ ಮೇಲೆ ತೊಯ್ದ ಗೋಣಿಚೀಲ ಇಳಿಬಿಟ್ಟು ದಿನಗಟ್ಟಲೆ ನೀರುಣಿಸಬೇಕು. ಸುಣ್ಣ ಒಣಗಿ ಗಟ್ಟಿಯಾಗುವುದಿಲ್ಲ. ಭಟ್ಟಿಯಲ್ಲಿ ಬಿಟ್ಟುಕೊಟ್ಟ ಇಂಗಾಲದ ಡೈಆಕ್ಸೈಡನ್ನು ಗಾಳಿಯಿಂದ ಮರಳಿ ಪಡೆದು ಕಲ್ಲಾಗುತ್ತದೆ, ಅದಕ್ಕೆ ತೇವ ಬೇಕು, ಹೊತ್ತು ಬೇಕು. ರಜೆಗೆ ಬಂದವರಿಗೆ ಅಷ್ಟು ಹೊತ್ತು ಇರುವುದಿಲ್ಲ ಎನ್ನುವುದೇ ಇಂಥ ಸ್ವಯಂಸೇವೆಯ ಮುಖ್ಯ ತೊಡಕು. ಹಚ್ಚಿದ ಗೋಡೆ ಗಟ್ಟಿಯಾದದ್ದನ್ನು ನೋಡಲು ಹಚ್ಚಿದವರು ಉಳಿದಿರುವುದಿಲ್ಲ. ನೀರು ಚಿಮುಕಿಸುವ ಕೆಲಸ ಊರಿನ ಹುಡುಗರ ಪಾಲಿಗೆ ಬರುತ್ತದೆ. ಆ ಹುಡುಗರಿಗೆ ಕೂಲಿ ಸಿಗುತ್ತಿದೆಯೇ ಎಂದು ನೋಡದೆ ಇಂಥ ತಂಡಗಳಿಗೆ ಯಾರೂ ಸೇರಬಾರದೆಂಬುದು ನನ್ನ ಗಟ್ಟಿಯಾದ ಅಭಿಪ್ರಾಯ.

ಮನೆಯೊಳಗೆ ತಲೆಯೆತ್ತಿ ನೋಡಿದರೆ ಸಾಲು ಜಂತಿಗಳು. ಅವುಗಳಿಗೆ ಅಲ್ಲಿ ಬೊರಿಟಿ ಎನ್ನುತ್ತಾರೆ. ಕಾಂಡ್ಲಾ ಗಿಡದ ದುಂಡು ಕಂಬಗಳು, ಹೆಚ್ಚಿನವು ಮುಖ್ಯಭೂಮಿಯ ರುಫಿಜಿ ನದಿಯ ಮುಖಜಭೂಮಿಯಿಂದ ದೋಣಿಯಲ್ಲಿ ಬಂದವು. ಕಾಂಡ್ಲಾ ನೇರವಾಗಿ ಬೆಳೆಯುವುದು ಇಷ್ಟೇ ಉದ್ದ ಎಂದಿರುವುದರಿಂದ ಸ್ಟೋನ್ ಟೌನಿನ ಕೋಣೆಗಳ ಅಗಲವೂ ಸುಮಾರು ಮೂರು ಮೀಟರಿಗೆ ನಿಂತಿದೆ. ಎಷ್ಟೇ ಶ್ರೀಮಂತನಾಗಿರಲಿ, ಕೋಣೆಯನ್ನು ಉದ್ದಕ್ಕೆ ಎಳೆಯಬಹುದಿತ್ತು, ಅಗಲಕ್ಕೆ ಆಗುತ್ತಿರಲಿಲ್ಲ. ಇದೇ ಕಂಬಗಳು ಹಡಗಿನಲ್ಲಿ ಅರೇಬಿಯಾಕ್ಕೂ ಕೊಲ್ಲಿಯ ಊರುಗಳಿಗೂ ಹೋಗಿ ಅಲ್ಲಿನ ಹಳೆಯ ಮನೆಗಳ ಕೋಣೆಗಳನ್ನೂ ಇದೇ ಅಳತೆಗೆ ತಂದಿವೆ. ಜಂತಿಯ ಮೇಲೆ ಹವಳದ ಚಪ್ಪಟೆ ಕಲ್ಲು, ಅದರ ಮೇಲೆ ದಪ್ಪಗೆ ಸುಣ್ಣದ ಗಾರೆ. ಹಿಂದೆ ಆ ಗಾರೆಯನ್ನು ಆಳುಗಳು ಸಾಲಾಗಿ ಕೂತು, ಹಾಡಿನ ತಾಳಕ್ಕೆ ಕೋಲಿನಿಂದ ದಿನಗಟ್ಟಲೆ ಬಡಿದು ಬಿಗಿ ಮಾಡುತ್ತಿದ್ದರು.

ಜಂತಿಯ ನಡುಭಾಗ ನೂರು ವರ್ಷವಾದರೂ ಕಬ್ಬಿಣದಂತಿರುತ್ತದೆ. ಕೆಡುವುದು ಗೋಡೆಯೊಳಗೆ ಹುದುಗಿದ ತುದಿ. ಅದು ಕಣ್ಣಿಗೆ ಬೀಳುವುದಿಲ್ಲ. ಮ್‌ಜೇ ಏಣಿ ಹತ್ತಿ, ಗೋಡೆಯ ಅಂಚಿನಲ್ಲಿ ಒಂದೊಂದೇ ಜಂತಿಯನ್ನು ಸುತ್ತಿಗೆಯಿಂದ ತಟ್ಟುತ್ತ ಹೋದರು. ಟಣ್ ಎಂದರೆ ಮುಂದಕ್ಕೆ. ದಬ್ ಎಂದ ಕಡೆ ಸೀಮೆಸುಣ್ಣದಲ್ಲಿ ಗುರುತು. ನಾನು ಕೆಳಗೆ ನಿಂತು ನಕ್ಷೆಯ ಮೇಲೆ ಅದನ್ನು ತುಂಬುತ್ತಿದ್ದೆ. ಗುರುತುಗಳೆಲ್ಲ ಒಂದೇ ಮೂಲೆಗೆ ಒಟ್ಟಾಗಿದ್ದವು. ಆ ಮೂಲೆಯ ಮೇಲೆ, ಎರಡನೆಯ ಮಹಡಿಯಲ್ಲಿ, ಬಚ್ಚಲುಮನೆ ಇತ್ತು.

ಅಲ್ಲಿ ವಾಸವಿದ್ದ ಅಜ್ಜಿಯನ್ನು ಇಡೀ ಓಣಿ ಬೀಬಿ ಎಂದು ಕರೆಯುತ್ತದೆ. ಹೆಂಗಸಾದ್ದರಿಂದ ನನಗೆ ಒಳಮನೆಗೆ ಬಿಡುವಿತ್ತು. ಬಾಗಿಲಲ್ಲಿ ನಿಂತು ಹೋಡಿ ಎಂದು ಕೂಗುವುದು, ಒಳಗಿನಿಂದ ಕರಿಬು ಎಂದು ಉತ್ತರ ಬಂದ ಮೇಲೆಯೇ ಚಪ್ಪಲಿ ಬಿಡುವುದು. ಒಂದು ವ್ಯಾಪಾರಿ ಕುಟುಂಬಕ್ಕೆಂದು ಕಟ್ಟಿದ ಮನೆ. ಈಗ ಅದರಲ್ಲಿ ಮಹಡಿಗೆರಡರಂತೆ ಸಂಸಾರಗಳು, ಅಂಗಳದ ಸುತ್ತ ಇದ್ದಿಲಿನ ಒಲೆಗಳು, ಹಳದಿ ಬಣ್ಣದ ನೀರಿನ ಕ್ಯಾನುಗಳ ಸಾಲು. 1964ರ ಜನವರಿ 12ರ ಕ್ರಾಂತಿಯಲ್ಲಿ ಸುಲ್ತಾನನ ಆಳ್ವಿಕೆ ಮುಗಿಯಿತು. ಅರಬ್ಬರು, ಭಾರತೀಯರು ಬಹಳ ಮಂದಿ ಸತ್ತರು, ಉಳಿದವರಲ್ಲಿ ಬಹಳ ಮಂದಿ ಊರು ಬಿಟ್ಟರು. 2021ರಲ್ಲಿ ನೊಬೆಲ್ ಪಡೆದ ಕಾದಂಬರಿಕಾರ ಅಬ್ದುಲ್‌ರಜಾಕ್ ಗುರ್ನಾ ಕೂಡ ಆ ದಶಕದಲ್ಲೇ ಹೀಗೆ ಹೊರಟವರು. ಬಿಟ್ಟುಹೋದ ಮನೆಗಳನ್ನು ಸರ್ಕಾರ ವಶಪಡಿಸಿಕೊಂಡು, ಹಳ್ಳಿಗಳಿಂದ, ಪೆಂಬಾ ದ್ವೀಪದಿಂದ ಬಂದವರಿಗೆ ವಾಸಕ್ಕೆ ಕೊಟ್ಟಿತು. ತಲೆಯ ಮೇಲೆ ಸೂರಿಲ್ಲದವರಿಗೆ ಸೂರು ಸಿಕ್ಕಿತು, ಅದು ನ್ಯಾಯವೇ. ಆದರೆ ಪ್ರತಿ ವರ್ಷ ಮಳೆಗೆ ಮುಂಚೆ ಮಾಡು ನೋಡಿಸಬೇಕಾದವರು ಯಾರು ಎಂಬ ಪ್ರಶ್ನೆಗೆ ಉತ್ತರ ಕಾಣದಾಯಿತು. ಸರ್ಕಾರದ ಮನೆ, ವಕ್ಫ್ ಮನೆ, ಹತ್ತು ಮಂದಿ ವಾರಸುದಾರರು ಬೇರೆ ಬೇರೆ ದೇಶದಲ್ಲಿರುವ ಮನೆ, ಯಾವುದಾದರೂ ಸರಿ, ನೀರು ಸೋರುವುದು ಒಳಗಿದ್ದವರ ಹಾಸಿಗೆಯ ಮೇಲೆ.

"ಬಚ್ಚಲು ಮೇಲೆ ಮಾಡಿಸಿದ್ದು ತಪ್ಪು ಎಂದು ಎಲ್ಲರೂ ಹೇಳುತ್ತಾರೆ. ಈ ಮಂಡಿ ಇಟ್ಟುಕೊಂಡು ನಾನು ದಿನಕ್ಕೆಷ್ಟು ಸಲ ಕೆಳಗಿಳಿಯಲಿ, ನೀನೇ ಹೇಳು ಮಗಳೇ" ಎಂದರು ಬೀಬಿ. ಮೆಟ್ಟಿಲು ಒಂದಡಿ ಎತ್ತರದವು, ಕಡಿದು. ಅವರ ಮಾತಿನಲ್ಲಿ ಸತ್ಯವಿತ್ತು. ಬಚ್ಚಲನ್ನು ಕಿತ್ತು ಹಾಕಬೇಕೆಂದು ಹಟ ಹಿಡಿದಿದ್ದ ಲಿಸ್ಬನ್ನಿನ ಹುಡುಗಿ ಆ ಸಂಜೆ ಕೂತು ಬೇರೆ ನಕ್ಷೆ ಬರೆದಳು. ಬಚ್ಚಲು ಅಲ್ಲೇ ಇರುವುದು. ನೆಲಕ್ಕೆ ಇಳಿಜಾರು ಕೊಟ್ಟು, ನೀರಿನ ಕೊಳವೆಯನ್ನು ಗೋಡೆಯೊಳಗಿನಿಂದ ತೆಗೆದು ಹೊರಬದಿಗೆ ಹಾಕುವುದು. ಕೊಳೆತ ಜಂತಿಗಳ ಜಾಗಕ್ಕೆ ಹೊಸವನ್ನು ಒಂದೊಂದಾಗಿ ಸೇರಿಸುವುದು. ಕಾಂಡ್ಲಾ ಕಡಿಯಲು ಈಗ ನಿರ್ಬಂಧಗಳಿವೆ, ಅದು ಇರಬೇಕಾದದ್ದೇ. ಹಾಗಾಗಿ ಔಷಧಿ ಹೊಡೆದ ಬೇರೆ ಮರ ತರಿಸಿದರು. ಪರಂಪರೆಯ ಕಟ್ಟಡ ಎಂದು ನಾವು ಕರೆಯುವುದು ಯಾರೋ ಮಲಗಿ ಏಳುವ, ಅನ್ನ ಬೇಯಿಸುವ ಜಾಗ ಎಂಬುದನ್ನು ಆ ನಕ್ಷೆಯಷ್ಟು ಸ್ಪಷ್ಟವಾಗಿ ಬೇರೆ ಯಾವ ಭಾಷಣವೂ ನನಗೆ ತೋರಿಸಿಲ್ಲ.

ಊರಿನ ದೊಡ್ಡ ಕಟ್ಟಡಗಳ ಕಥೆ ಬೇರೆ. ಸಮುದ್ರಕ್ಕೆ ಮುಖ ಮಾಡಿ ಬೈತ್ ಅಲ್ ಅಜಾಯಬ್ ಇದೆ. ಸುಲ್ತಾನ ಬರ್ಗಾಶ್ 1883ರಲ್ಲಿ ಕಟ್ಟಿಸಿದ ಅರಮನೆ. ದ್ವೀಪದಲ್ಲಿ ಮೊದಲು ವಿದ್ಯುತ್ ದೀಪ ಉರಿದದ್ದು ಅಲ್ಲಿ. ಸುತ್ತ ಎರಕದ ಕಬ್ಬಿಣದ ಕಂಬಗಳ ಸಾಲು, ಅಗಲವಾದ ಪಡಸಾಲೆ. 1896ರ ಆಗಸ್ಟ್ 27ರಂದು ಬ್ರಿಟಿಷ್ ಹಡಗುಗಳು ಮುಕ್ಕಾಲು ಗಂಟೆಯೂ ಇಲ್ಲದ ಯುದ್ಧದಲ್ಲಿ ಪಕ್ಕದ ಅರಮನೆಯನ್ನು ಗುಂಡಿಟ್ಟು ಕೆಡವಿದಾಗಲೂ ಇದು ನಿಂತಿತು. 2020ರ ಡಿಸೆಂಬರ್ 25ರಂದು, ದುರಸ್ತಿ ನಡೆಯುತ್ತಿರುವಾಗಲೇ, ಅದರ ಮುಂಭಾಗದ ದೊಡ್ಡ ಪಾಲು ಕುಸಿಯಿತು. ಇಬ್ಬರು ಸತ್ತರು. ಅದಕ್ಕೂ ಎಂಟು ವರ್ಷ ಮುಂಚೆಯೇ, 2012ರಲ್ಲಿ, ಒಂದು ಭಾಗ ಬಿದ್ದು ಎಚ್ಚರಿಕೆ ಕೊಟ್ಟಿತ್ತು. ಓಣಿಯ ಜನ ಆ ಕಟ್ಟಡದ ಮಾತು ಎತ್ತಿದರೆ ದನಿ ತಗ್ಗಿಸುವುದಿಲ್ಲ, ಸಿಟ್ಟಿನಿಂದಲೇ ಆಡುತ್ತಾರೆ. ಆ ಸಿಟ್ಟು ನನಗೆ ಭರವಸೆಯಾಗಿ ಕಂಡಿತು.

ಇದಕ್ಕೆ ಹೋಲಿಸಿ ನೋಡಬೇಕಾದದ್ದು ಬಂದರಿನ ಹತ್ತಿರದ ಹಳೆಯ ಡಿಸ್ಪೆನ್ಸರಿ. ಕಛ್ ಮೂಲದ ವರ್ತಕ ಥಾರಿಯಾ ತೋಪನ್, ವಿಕ್ಟೋರಿಯಾ ರಾಣಿಯ ಆಳ್ವಿಕೆಯ ಐವತ್ತನೆಯ ವರ್ಷದ ನೆನಪಿಗೆ 1887ರಲ್ಲಿ ಅಡಿಗಲ್ಲು ಹಾಕಿಸಿದ್ದು. ಮುಗಿಯುವ ಹೊತ್ತಿಗೆ ಆತ ಬದುಕಿರಲಿಲ್ಲ. ಕೆತ್ತನೆಯ ಬಾಲ್ಕನಿ, ಬಣ್ಣದ ಗಾಜು, ಮೆಟ್ಟಿಲ ಕಟಕಟೆ ಎಲ್ಲ ಪಾಳು ಬಿದ್ದಿದ್ದನ್ನು 1990ರ ದಶಕದಲ್ಲಿ ಆಗಾ ಖಾನ್ ಸಾಂಸ್ಕೃತಿಕ ಟ್ರಸ್ಟ್ ದುರಸ್ತಿ ಮಾಡಿಸಿತು. ಅದೇ ಕಾಲದಲ್ಲಿ ಊರಿನ ರಕ್ಷಣಾ ಪ್ರಾಧಿಕಾರದ ಜೊತೆ ಸೇರಿ ಇಡೀ ಸ್ಟೋನ್ ಟೌನಿಗೆ ಒಂದು ಸಂರಕ್ಷಣಾ ಯೋಜನೆಯೂ ಸಿದ್ಧವಾಯಿತು. ಸುಣ್ಣ ಕೈಬಿಟ್ಟು ಸಿಮೆಂಟಿಗೆ ಹೋಗಿದ್ದ ಗಾರೆಯವರು ಹಳೆಯ ಹದವನ್ನು ಮತ್ತೆ ಕೈಗೆ ತಂದುಕೊಂಡದ್ದು ಇಂಥ ಕೆಲಸಗಳಲ್ಲಿ. ಕಟ್ಟಡ ಉಳಿಯಿತು ಎನ್ನುವುದಕ್ಕಿಂತ ಕೈಗಳು ತಯಾರಾದವು ಎನ್ನುವುದನ್ನೇ ನಾನು ದೊಡ್ಡದೆಂದು ಎಣಿಸುತ್ತೇನೆ.

ಒಂದು ಭಾನುವಾರ ಕ್ರೈಸ್ಟ್ ಚರ್ಚಿಗೆ ಹೋದೆವು. ಅದು ಗುಲಾಮರ ಸಂತೆ ನಡೆಯುತ್ತಿದ್ದ ಜಾಗ. 1873ರ ಜೂನ್‌ನಲ್ಲಿ ಸುಲ್ತಾನ ಬರ್ಗಾಶ್ ಬ್ರಿಟಿಷರ ಒತ್ತಡಕ್ಕೆ ಮಣಿದು ಸಂತೆ ಮುಚ್ಚಿಸಿದ, ಆ ವರ್ಷದ ಕ್ರಿಸ್‌ಮಸ್ ದಿನವೇ ಚರ್ಚಿಗೆ ಅಡಿಗಲ್ಲು ಬಿತ್ತು. ಕಟ್ಟಿಸಿದ ಬಿಷಪ್ ಎಡ್ವರ್ಡ್ ಸ್ಟೀರ್ ಸಮಾಧಿ ಬಲಿಪೀಠದ ಹಿಂದೆಯೇ ಇದೆ. ಹೊರಗೆ ನೆಲಮಟ್ಟಕ್ಕಿಂತ ಕೆಳಗಿನ ಗುಂಡಿಯೊಂದರಲ್ಲಿ ಐದು ಕಲ್ಲಿನ ಮನುಷ್ಯರು ಕೊರಳಿಗೆ ನಿಜವಾದ ಕಬ್ಬಿಣದ ಸರಪಳಿ ಹಾಕಿಕೊಂಡು ನಿಂತಿದ್ದಾರೆ. ಸ್ವೀಡನ್ನಿನ ಶಿಲ್ಪಿ ಕ್ಲಾರಾ ಸೋರ್ನಾಸ್ 1998ರಲ್ಲಿ ಮಾಡಿದ್ದು. ಸಂತೆ ಮುಚ್ಚಿದ ಮೇಲೂ ದ್ವೀಪದಲ್ಲಿ ಗುಲಾಮಗಿರಿ ಕಾನೂನಿನ ಪ್ರಕಾರ ರದ್ದಾಗಲು 1897ರವರೆಗೆ ಕಾಯಬೇಕಾಯಿತು. ನೈರೋಬಿಯ ಮೇಡಂ ಆ ಗುಂಡಿಯ ಅಂಚಿನಲ್ಲಿ ಬಹಳ ಹೊತ್ತು ನಿಂತಿದ್ದರು. ನಾವು ದುರಸ್ತಿ ಮಾಡುವ ಗೋಡೆಗಳ ಕಲ್ಲು ಹೊತ್ತವರು, ಮಾಡಿನ ಗಾರೆ ಬಡಿಯುತ್ತ ಹಾಡಿದವರು ಹಲವರು ಇಂಥದೇ ಸರಪಳಿಯಲ್ಲಿ ಬಂದವರು. ಮನೆಯ ದಾಖಲೆ ಬರೆಯುವಾಗ ಮಾಲೀಕನ ಹೆಸರು, ಕಟ್ಟಿಸಿದ ವರ್ಷ, ಬಾಗಿಲಿನ ಶೈಲಿ ಎಂದು ಕಾಲಂಗಳಿರುತ್ತವೆ. ಕಟ್ಟಿದವರಿಗೆ ಕಾಲಂ ಇರಲಿಲ್ಲ. ಮೇಡಂ ಮರುದಿನವೇ ನಮ್ಮ ನಮೂನೆಯಲ್ಲಿ ಒಂದು ಕಾಲಂ ಸೇರಿಸಿ, ಬಹುತೇಕ ಕಡೆ ಅದನ್ನು ಖಾಲಿಯಾಗಿಯೇ ಬಿಟ್ಟರು. ಖಾಲಿ ಇದೆ ಎಂಬುದಾದರೂ ದಾಖಲಾಗಲಿ ಎಂದರು.

ಪ್ರವಾಸಿಗಳು ಬಂದು ಫೋಟೋ ತೆಗೆಯುವುದು ಬಾಗಿಲುಗಳನ್ನು. ಐನೂರಕ್ಕೂ ಹೆಚ್ಚು ಕೆತ್ತನೆಯ ಬಾಗಿಲುಗಳಿವೆ. ಮೇಲೆ ಕಮಾನಿನ ಹಾಗೆ ದುಂಡಾಗಿದ್ದರೆ ಭಾರತದ ಪ್ರಭಾವ, ನೇರ ಚೌಕಟ್ಟಾಗಿದ್ದರೆ ಅರಬ್ಬರದು. ತೇಗ, ಹಲಸಿನ ಮರ. ಅಂಚಿಗೆ ಸರಪಳಿಯ ಕೆತ್ತನೆ, ಮೀನು, ತಾವರೆ, ಸಾಲು ಹಿತ್ತಾಳೆಯ ಗುಬ್ಬಿಗಳು. ಡಿಸೆಂಬರಿನಿಂದ ಬೀಸುವ ಈಶಾನ್ಯದ ಗಾಳಿಯಲ್ಲಿ ಭಾರತದ ಪಶ್ಚಿಮ ಕರಾವಳಿಯ ತೇಗ, ಬಟ್ಟೆ ಇತ್ತ ಬರುತ್ತಿತ್ತು. ಏಪ್ರಿಲ್ ನಂತರದ ನೈಋತ್ಯದ ಗಾಳಿಯಲ್ಲಿ ಲವಂಗ, ದಂತ ಅತ್ತ ಹೋಗುತ್ತಿತ್ತು. 1865ರಲ್ಲಿ ಬಾಸೆಲ್ ಮಿಶನ್‌ನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಹಾಕಿದ ಮೇಲೆ ನೇತ್ರಾವತಿಯ ಮಣ್ಣೂ ಹೆಂಚಾಗಿ ಪೂರ್ವ ಆಫ್ರಿಕಾದ ಬಂದರುಗಳಿಗೆ ಹಡಗೇರಿತು. ಮ್‌ಜೇಗೆ ಮಂಗಳೂರು ಎಂಬ ಹೆಸರು ಗೊತ್ತಿದ್ದದ್ದು ಹೆಂಚಿನಿಂದಲೇ.

ಸಂಜೆಗೆ ಸಾರುವೆಯಿಂದಿಳಿದು ಕೈ ತೊಳೆದರೂ ಬೆರಳ ಸಂದಿಯ ಸುಣ್ಣ ಹೋಗುವುದಿಲ್ಲ. ಮನೆಗಳ ಮುಂದಿನ ಜಗಲಿಗೆ ಬರಾಜಾ ಎನ್ನುತ್ತಾರೆ. ಊರಿನ ಗಂಡಸರೆಲ್ಲ ಆಗ ಅಲ್ಲಿ. ಕಾಫಿಯವನು ಇದ್ದಿಲ ಕೆಂಡದ ಮೇಲಿನ ಹಿತ್ತಾಳೆಯ ಕೊಡ ಹೊತ್ತು, ಹಿಡಿಯಿಲ್ಲದ ಪುಟ್ಟ ಬಟ್ಟಲುಗಳನ್ನು ಕಿಣಿಕಿಣಿ ಎನ್ನಿಸುತ್ತ ಬರುತ್ತಾನೆ. ಸಕ್ಕರೆಯಿಲ್ಲದ ಕಡು ಕ್ವಾಥ, ಜೊತೆಗೆ ಕಡಲೆಬೀಜದ ಕಶಾಟ. ಕೇರಂ ಹಲಗೆಯ ಸುತ್ತ ಹುಡುಗರ ಗಲಾಟೆ. ಫೊರೊಧಾನಿ ತೋಟದಲ್ಲಿ ಕಬ್ಬಿನ ಗಾಣಗಳು ತಿರುಗತೊಡಗುತ್ತವೆ. ಊರೋಜೊ ಎಂಬ ಹುಳಿ ಸಾರಿನಲ್ಲಿ ಬಜ್ಜಿ, ಬೇಯಿಸಿದ ಆಲೂಗಡ್ಡೆ, ಮರಗೆಣಸಿನ ಚಿಪ್ಸ್ ಮುಳುಗಿಸಿ ಕೊಡುತ್ತಾರೆ. ಒಮ್ಮೆ ತಿಂದವರು ಮರುದಿನವೂ ಅದೇ ಗಾಡಿಯ ಮುಂದೆ ನಿಲ್ಲುತ್ತಾರೆ.

ಅಲ್ಲಿ ಕೂತಾಗಲೇ ಮ್‌ಜೇ ತಮ್ಮ ಚಿಂತೆ ಹೇಳಿಕೊಂಡದ್ದು. ಅವರ ಜೊತೆ ಈಗ ಮೂವರು ಹುಡುಗರು ಕಲಿಯುತ್ತಿದ್ದಾರೆ. ಪೂರ್ವ ತೀರದಲ್ಲಿ ರೆಸಾರ್ಟುಗಳು ಏಳುತ್ತಿವೆ, ಅಲ್ಲಿ ಸಿಮೆಂಟ್ ಕೆಲಸಕ್ಕೆ ಕೂಲಿ ಹೆಚ್ಚು, ಮುಗಿಯುವುದು ಬೇಗ. ಸುಣ್ಣ ಕಲಿಯಲು ವರ್ಷಗಳು ಬೇಕು. ಸ್ವಯಂಸೇವಕರು ಕಟ್ಟುವ ಶುಲ್ಕದಲ್ಲಿ ವಸತಿ, ಊಟ, ಕಚೇರಿ ಖರ್ಚು ಕಳೆದು ಉಳಿದದ್ದು ಆ ಮೂವರ ಕೂಲಿ. ಆ ಲೆಕ್ಕವನ್ನು ನಾವು ಕೇಳಿ ಪಡೆದೆವು, ತಂಡದವರು ಮುಚ್ಚಿಡದೆ ತೋರಿಸಿದರು. ಹೋಗಬೇಕೆನ್ನುವ ಕಿರಿಯರು ನನ್ನನ್ನು ಕೇಳಿದಾಗ ಮೊದಲು ಇದನ್ನೇ ಹೇಳುತ್ತೇನೆ: ಆ ಊರಿನ ಮೇಸ್ತ್ರಿ ಯಾರು, ಕಲಿಯುವ ಹುಡುಗರೆಷ್ಟು, ಅವರಿಗೆ ಎಷ್ಟು ತಿಂಗಳ ಕೂಲಿ ಖಾತ್ರಿ ಎಂದು ಬರೆದು ಕೇಳಿ. ಉತ್ತರ ಬಾರದಿದ್ದರೆ ಹೋಗಬೇಡಿ.

ನಮ್ಮ ಗೋಡೆ ಪೂರ್ತಿಯಾಗಲಿಲ್ಲ, ಆಗುವಂತೆಯೂ ಇರಲಿಲ್ಲ. ಬಿರುಕುಗಳ ಮೇಲೆ ಗಾರೆಯ ಸಣ್ಣ ಪಟ್ಟಿ ಹಚ್ಚಿ ತಾರೀಖು ಬರೆದಿಟ್ಟೆವು. ಪಟ್ಟಿ ಒಡೆದರೆ ಗೋಡೆ ಇನ್ನೂ ಸರಿಯುತ್ತಿದೆ ಎಂದು ಅರ್ಥ. ಮಾರ್ಚಿನ ಕೊನೆಗೆ ಮಸಿಕಾ ಮಳೆ ಹಿಡಿಯುವ ಮುಂಚೆ ಬೀಬಿಯ ಬಚ್ಚಲ ಕೊಳವೆ ಹೊರಕ್ಕೆ ಬಂತು, ಮಾಡಿನ ತಗಡಿನ ನೀರು ಬೀಳುವ ದೋಣಿಯ ಕಸ ತೆಗೆದು ಹೊಸ ಇಳಿಕೊಳವೆ ಕೂರಿಸಿದ್ದಾಯಿತು. ಹೊರಡುವ ವಾರ ನಮ್ಮನ್ನು ಗೋಡೆಯ ಕೆಲಸದಿಂದ ಬಿಡಿಸಿ ಮ್‌ಜೇ ಮತ್ತೆ ಸುಣ್ಣದ ಗುಂಡಿಗೆ ಹಚ್ಚಿದರು. ಮಳೆ ಮುಗಿದ ಮೇಲೆ ಬರುವ ತಂಡಕ್ಕೆ ಸುಣ್ಣ ಬೇಕು, ಅದು ಈಗ ಅರಳಿದರೆ ಮಾತ್ರ ಆಗ ಹದಕ್ಕೆ ಬರುತ್ತದೆ. ಮೂವರು ಹುಡುಗರಲ್ಲಿ ಕಿರಿಯವನಿಗೆ ಅವತ್ತು ಮೊದಲ ಸಲ ಸಲಿಕೆ ಕೊಟ್ಟು, ತಾವು ಗುಂಡಿಯ ಅಂಚಿನಲ್ಲಿ ನಿಂತು, ನೀರು ಎಷ್ಟು ಹೊಯ್ಯಬೇಕೆಂದು ಅವನಿಂದಲೇ ಹೇಳಿಸಿದರು. ನಾವು ಕಲ್ಲು ಎತ್ತಿ ಕೊಟ್ಟೆವು.